ಉತ್ಕರ್ಷ ನಿಲ್ಲಿಸುವ ಔಷಧಿ

ಧನ್‌ಸುಖ್‌ಭಾಯಿ ಕರಪತ್ರವನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು. ದೂರ ಹಿಡಿದು ಇನ್ನೊಮ್ಮೆ ಓದಿದರು. ಆಮೇಲೆ ಪಕ್ಕದವರ ಕೈಗೆ ಕೊಟ್ಟು, ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಬೆನ್," ಎಂದರು ತಂಗಿಯನ್ನು ಕರೆಯುವಂತೆ ತನುಶ್ರೀಯ ಕಡೆ ತಿರುಗಿ, ಅವಳಿಗೆ ಅರ್ಥವಾಗಲೆಂದು ಹಿಂದಿಯಲ್ಲಿ. "ಬೆಳೆಯ ಉತ್ಕರ್ಷ ನಿಲ್ಲಿಸೋಕೆ ಔಷಧಿ ಯಾಕೆ? ಆ ಕೆಲಸಾನ ನಮ್ಮ ಉಪ್ಪುನೀರೇ ಪುಕ್ಕಟೆ ಮಾಡ್ತಿದೆಯಲ್ಲ!"

ಹಾಲಿನ ಡೇರಿಯ ಜಗಲಿಯ ಮೇಲೆ ಕೂತಿದ್ದ ರೈತರೆಲ್ಲ ಒಟ್ಟಿಗೆ ನಕ್ಕರು. ತನುಶ್ರೀಯೂ ನಕ್ಕಳು, ಏಕೆಂದರೆ ಎಲ್ಲರೂ ನಗುವಾಗ ನಗದೆ ಕೂರುವುದು ಮರ್ಯಾದೆಯಲ್ಲ ಎಂದು ಅವಳಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ನಗುತ್ತಲೇ ಕರಪತ್ರವನ್ನು ಎತ್ತಿಕೊಂಡು, ದಪ್ಪ ಗುಜರಾತಿ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ನಗು ಅರ್ಧಕ್ಕೇ ನಿಂತಿತು.

ಬೆಳೆಯ ಏಳಿಗೆಯನ್ನು ತಡೆಯುವ ಔಷಧಿ. ಶೀರ್ಷಿಕೆಯಲ್ಲಿ ಇದ್ದದ್ದು ಅದು. ಕೆಳಗೆ ಅವಳದೇ ಹೆಸರು.

ಸೂರತ್ ದಾಟಿ ಓಲ್ಪಾಡ್ ಕಡೆ ಬಂದರೆ ಸಮುದ್ರ ಕಾಣುವುದಿಲ್ಲ. ಆದರೆ ಮಣ್ಣಿನಲ್ಲಿ ಅದರ ಉಪ್ಪು ಕಾಣುತ್ತದೆ, ಬೇಸಿಗೆಯಲ್ಲಿ ಹೊಲದ ಮೇಲೆ ಬೆಳ್ಳಗೆ ಪುಡಿಯಾಗಿ ಏಳುತ್ತದೆ. ಇಂಥ ಹೊಲದಲ್ಲಿ ಭತ್ತದ ಸಸಿ ತಾಳಿಕೊಳ್ಳುವಂತೆ ಮಾಡಬಹುದೇ ಎಂದು ನೋಡುವುದು ತನುಶ್ರೀಯ ಕೆಲಸ. ವಡೋದರಾದ ಒಂದು ಸಣ್ಣ ಬೆಳೆ ಸಂಶೋಧನಾ ಕೇಂದ್ರದಲ್ಲಿ ಅವಳದು ಕಾಂಟ್ರ್ಯಾಕ್ಟ್ ನೌಕರಿ. ಕುಂಡದಲ್ಲಿ ಮಾಡಿದ್ದನ್ನು ಈಗ ನಿಜವಾದ ಹೊಲದಲ್ಲಿ ಮಾಡಬೇಕು. ಮಳೆ ಶುರುವಾಗಿ ಸಸಿಮಡಿ ಹಾಕುವುದರೊಳಗೆ ಒಬ್ಬ ರೈತನಾದರೂ ಜಮೀನು ಕೊಡಬೇಕು. ಕೊಡದಿದ್ದರೆ ಪ್ರಾಜೆಕ್ಟ್ ಮುಗಿಯಿತು. ಅದರ ಹಿಂದೆಯೇ ಕೆಲಸ. ಆಮೇಲೆ ಹಾಸನದ ಮನೆಗೆ ಹಿಂದಿರುಗಿ, ಅಪ್ಪ ನೋಡಿಟ್ಟಿರುವ ಕಾಲೇಜಿನಲ್ಲಿ ಪಾಠ ಹೇಳುವುದು.

"ಮುದ್ರಣದ ತಪ್ಪು," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

"ನಿಮ್ಮ ಕೇಂದ್ರದ ದೊಡ್ಡ ಮೇಡಂ ಮೊದಲೇ ಫೋನ್ ಮಾಡಿ ಕೇಳ್ಕೊಂಡಿದಾರೆ. ಬರೋ ಭಾನುವಾರ ಇನ್ನೊಂದು ಸಲ ಕೂರೋಣ," ಎಂದರು ಧನ್‌ಸುಖ್‌ಭಾಯಿ, ಪಾಪ ಎನ್ನಿಸಿತೇನೋ. "ಆದ್ರೆ ಆವತ್ತು ಏನು ನಿಲ್ಲಿಸ್ತೀರಿ, ಏನು ಬೆಳೆಸ್ತೀರಿ ಅಂತ ತೀರ್ಮಾನ ಮಾಡ್ಕೊಂಡು ಬನ್ನಿ."

*

ಡೇರಿಯ ಹಿಂದೆ ಒಂದು ಬಳ್ಳಾರಿ ಜಾಲಿಯ ಮರವಿತ್ತು. ನೆರಳೆಂಬುದು ಅದರಡಿ ಹೆಸರಿಗೆ ಮಾತ್ರ. ತನುಶ್ರೀ ಅಲ್ಲಿ ನಿಂತು, ಕರಪತ್ರವನ್ನು ಗುಜರಾತಿಗೆ ತಂದುಕೊಟ್ಟ ಕಶ್ಯಪ್‌ಗೆ ಫೋನು ಮಾಡಿದಳು.

"ಉತ್ಕರ್ಷಣ ಅಂದ್ರೆ ಏನು ಅಂದ್ಕೊಂಡ್ರಿ ನೀವು?"

"ಪ್ರೋಗ್ರೆಸ್," ಎಂದ ಆ ಕಡೆಯಿಂದ, ಪರೀಕ್ಷೆಯಲ್ಲಿ ಉತ್ತರ ಗೊತ್ತಿರುವ ಹುಡುಗನ ಉತ್ಸಾಹದಲ್ಲಿ. "ನಮ್ಮ ಪಕ್ಕದ ಬಿಲ್ಡಿಂಗ್ ಹೆಸರೇ ಉತ್ಕರ್ಷ್. ಯಾಕೆ, ಊಟ ಮಾಡಿದ್ಯಾ?"

"ಕಶ್ಯಪ್, ಅದು ಆಕ್ಸಿಡೇಷನ್! ಉತ್ಕರ್ಷಣ ನಿರೋಧಕ ಅಂದ್ರೆ ಆ್ಯಂಟಿ ಆಕ್ಸಿಡೆಂಟ್!"

ಆ ಕಡೆಯ ಉತ್ಸಾಹ ಇಳಿಯಿತು. ಆಮೇಲೆ ಒಂದು ಸಣ್ಣ ದನಿ. "ನಾನು ಕೇಳಿದ್ದೆ. 'ಪಕ್ಕಾ?' ಅಂತ ಮೆಸೇಜ್ ಹಾಕಿದ್ದೆ. ನೀನೇ—"

ಅವಳು ಫೋನ್ ಇಟ್ಟಳು.

ವಡೋದರಾಕ್ಕೆ ಹಿಂದಿರುಗುವ ರೈಲಿನಲ್ಲಿ, ಬ್ಯಾಗಿನ ಜಿಪ್ ಮುಚ್ಚಿದೆಯೇ ಎಂದು ಎರಡೆರಡು ಸಲ ನೋಡಿಕೊಂಡ ಮೇಲೆ, ಹಳೆಯ ಮೆಸೇಜುಗಳನ್ನು ತೆಗೆದಳು. ಅವನು ಕೇಳಿದ್ದು ನಿಜ. 'ಉತ್ಕರ್ಷ ನಿರೋಧಕ, ಪಕ್ಕಾ?' ಕೆಳಗೆ ಅವಳ ಉತ್ತರ: 'ಪಕ್ಕಾ. ದಯವಿಟ್ಟು ಒಂದಕ್ಷರವನ್ನೂ ಬದಲಿಸಬೇಡಿ. ಬದಲಿಸಲು ಈಗಾಗಲೇ ಒಬ್ಬರಿದ್ದಾರೆ.'

ಆ ಒಬ್ಬರು ಎಂದರೆ ಬ್ಯಾಂಕಿನಿಂದ ನಿವೃತ್ತರಾದ ವಾಸುದೇವ ಅಂಕಲ್, ವಡೋದರಾ ಕನ್ನಡ ಸಂಘದ ಸ್ಮರಣ ಸಂಚಿಕೆಯ ಸಂಪಾದಕರು. ಅವಳ ಕೆಲಸದ ಬಗ್ಗೆ ಒಂದು ಲೇಖನ ಬರೆಸಿಕೊಂಡು, ಅದರಲ್ಲಿದ್ದ ಇಂಗ್ಲಿಷ್ ಪದಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, "ಶುದ್ಧ ಕನ್ನಡ ಬರೀಮ್ಮ, ಪರದೇಶದಲ್ಲಿ ನಾವಲ್ಲದೆ ಇನ್ಯಾರು ಬರೀತಾರೆ?" ಎಂದಿದ್ದರು. ಅಂಕಲ್ ಪ್ರಕಾರ ಗುಜರಾತ್ ಪರದೇಶ. ಅವಳು ನಿಘಂಟು ಹುಡುಕಿ ಹುಡುಕಿ ಬರೆದಳು. ಜನಸಾಮಾನ್ಯರಿಗೆ ಬರೆದದ್ದಲ್ಲವೇ, ರೈತರ ಕರಪತ್ರಕ್ಕೂ ಇದನ್ನೇ ಗುಜರಾತಿ ಮಾಡಿಸಿದರಾಯಿತು ಎಂದುಕೊಂಡು, ಗುಜರಾತಿ ಚೆನ್ನಾಗಿ ಬಲ್ಲ ಏಕೈಕ ಕನ್ನಡಿಗನ ಕೈಗೆ ಕೊಟ್ಟಳು.

ತಪ್ಪು ಅವನದೋ, ತನ್ನದೋ? ಸೂರತ್ ಬಿಟ್ಟಾಗ ಅವನದು ಎನ್ನಿಸಿತ್ತು. ನರ್ಮದೆಯ ಸೇತುವೆ ದಾಟುವಷ್ಟರಲ್ಲಿ ತನ್ನದೇ ಎನ್ನಿಸತೊಡಗಿತು. ಅದು ಇನ್ನೂ ಹೆಚ್ಚು ಸಿಟ್ಟು ತರಿಸಿತು.

*

ಈ ಮನುಷ್ಯನ ಮೇಲೆ ಸಿಟ್ಟು ಬರುವುದು ಅವಳಿಗೆ ಹೊಸದಲ್ಲ. ಮೊದಲ ಭೇಟಿಯೇ ಸಿಟ್ಟಿನದು.

ಸಂಘದ ಯುಗಾದಿ ಊಟ. ಪಂಕ್ತಿಯಲ್ಲಿ ಕೂತಿದ್ದಳು. ಹಿಂದಿನಿಂದ ಒಂದು ಗಂಡು ದನಿ, ಎಷ್ಟೋ ವರ್ಷ ಸಂಸಾರ ಮಾಡಿದವರ ಸಲಿಗೆಯಲ್ಲಿ, "ಏನೇ, ಪಲ್ಯ ಹಾಕ್ಲೇನೇ?" ಎಂದಿತು.

ತಿರುಗಿ ನೋಡಿದಳು. ಎತ್ತರದ ಹುಡುಗ, ಕೈಯಲ್ಲಿ ಪಲ್ಯದ ಪಾತ್ರೆ. ಹಣೆಯ ಮೇಲೆ ಹೆಲ್ಮೆಟ್ಟಿನ ಅಂಚು ಒತ್ತಿದ ಗುರುತು. ಕಣ್ಣಲ್ಲಿ ಕಪಟವಿಲ್ಲ. ಅದೇ ಕಷ್ಟ, ಕಪಟವಿದ್ದಿದ್ದರೆ ಬೈಯಬಹುದಿತ್ತು.

"ಯಾರಿಗೆ ಹೇಳ್ತಿದ್ದೀರಿ?"

"ನಿನಗೇ ಕಣೇ. ಯಾಕೆ ಮುಖ ಊದಿಸ್ಕೊಂಡಿದ್ದೀಯ?"

ಅಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು ಅವನ ತಾಯಿ ಸುಮಿತ್ರಾ ಓಡಿಬಂದರು. "ಅಯ್ಯೋ, ತಪ್ಪು ತಿಳ್ಕೋಬೇಡಮ್ಮ. ಹುಟ್ಟಿದ್ದು ಬೆಳೆದಿದ್ದೆಲ್ಲ ಇಲ್ಲೇ. ಅವನ ಕಿವಿಗೆ ಬಿದ್ದ ಕನ್ನಡ ಅಂದ್ರೆ ನಾನು, ಇವರು, ಇಬ್ಬರದೇ. ಇವರು ನನ್ನ 'ಏನೇ' ಅಂತಾರೆ. ಹೆಂಗಸರನ್ನೆಲ್ಲ ಹಾಗೇ ಕರೀಬೇಕು ಅಂದ್ಕೊಂಡಿದಾನೆ."

"ಮತ್ತೆ ಗಂಡಸರನ್ನ?"

"ನಾನು ಇವರನ್ನ ಕರೆಯೋ ಹಾಗೇ." ಸುಮಿತ್ರಾ ದನಿ ತಗ್ಗಿಸಿದರು. "ಹೋದ ವರ್ಷ ಸಂಘದ ಅಧ್ಯಕ್ಷರನ್ನ 'ರೀ, ಬನ್ರೀ, ಊಟ ಆರಿಹೋಗುತ್ತೆ' ಅಂತ ರಾಗವಾಗಿ ಕರೆದ. ಅವರಿಗೂ ಒಂಥರಾ ಆಯ್ತು, ಅವರ ಹೆಂಡತಿಗೂ ಒಂಥರಾ ಆಯ್ತು."

ಹುಡುಗನ ಕಿವಿ ಎರಡೂ ಕೆಂಪಾದವು. ಕೆಂಪು ನಿಧಾನವಾಗಿ ತುದಿಯಿಂದ ಕೆಳಕ್ಕೆ ಇಳಿಯಿತು. ತನುಶ್ರೀ ಅದನ್ನು ಪೂರ್ತಿ ಇಳಿಯುವ ತನಕ ನೋಡಿದಳು. ಆಮೇಲೆ ಪಲ್ಯ ಹಾಕಿಸಿಕೊಂಡಳು.

ಅಂದಿನಿಂದ ಕಶ್ಯಪ್ ಅವಳೊಡನೆ ಮರ್ಯಾದೆಯ ಕನ್ನಡ ಕಲಿಯಲು ಹೊರಟ. 'ನೀವು' ಎಂದು ಶುರು ಮಾಡುತ್ತಿದ್ದ, ವಾಕ್ಯ ಮುಗಿಯುವಷ್ಟರಲ್ಲಿ 'ನೀನು' ಆಗಿರುತ್ತಿತ್ತು. ಗಾಬರಿಯಾದರಂತೂ ಮೊದಲಿನಿಂದಲೇ 'ನೀನು'.

*

ಓಲ್ಪಾಡಿನಿಂದ ಬಂದ ಮಾರನೆಯ ದಿನ ವಡೋದರಾದ ಅಲ್ಕಾಪುರಿಯ ಒಂದು ಹೋಟೆಲಿನಲ್ಲಿ ಕಶ್ಯಪ್ ಎದುರಿಗೆ ಕೂತಿದ್ದ. ಮಜ್ಜಿಗೆಯ ಗ್ಲಾಸನ್ನು ಅವಳ ಕಡೆ ಸರಿಸಿ, ಸ್ವಲ್ಪ ಯೋಚಿಸಿ, ತನ್ನದನ್ನೂ ಸರಿಸಿದ.

"ಲಂಚ ಬೇಡ," ಎಂದಳು. "ಬೆಳೆ ಬೆಳೆಯೋದನ್ನ ತಡೆಯೋ ಔಷಧೀನ ರೈತರಿಗೆ ಯಾರಾದ್ರೂ ಕೊಡ್ತಾರಾ? ಸ್ವಲ್ಪಾನೂ ಅನುಮಾನ ಬರಲಿಲ್ವಾ?"

"ಬಂತು. ಆದ್ರೆ ಇಲ್ಲಿ ಹತ್ತಿ ತುಂಬ ಎತ್ತರ ಬೆಳೀಬಾರದು ಅಂತ ಒಂದು ಔಷಧಿ ಹೊಡೀತಾರೆ. ಅಂಥದ್ದೇ ಏನೋ ಅಂದ್ಕೊಂಡೆ. ಮತ್ತೆ ನೀನು... ನೀವು, ಒಂದಕ್ಷರ ಮುಟ್ಟಬೇಡ ಅಂದೆ. ಅಂದಿರಿ."

ಹತ್ತಿಯ ವಿಷಯ ನಿಜ. ಅದು ನಿಜವಾಗಿದ್ದದ್ದಕ್ಕೂ ಅವಳಿಗೆ ಸಿಟ್ಟು ಬಂತು.

"ಆ್ಯಂಟಿ ಆಕ್ಸಿಡೆಂಟ್ ಅಂತ ಒಂದು ಪದ ಇದ್ದಿದ್ರೆ ಸಾಕಿತ್ತು," ಎಂದ ಅವನು, ಟೇಬಲ್ಲಿಗೆ ಹೇಳುವವನಂತೆ. "ರಿಫೈನರಿಯಲ್ಲಿ ನಾವೂ ಹಾಕ್ತೀವಿ. ಪೆಟ್ರೋಲ್ ಇಟ್ಟಲ್ಲೇ ಗಾಳಿ ಕುಡಿದು ಅಂಟು ಆಗಬಾರದು ಅಂತ. ನನ್ನ ಇಡೀ ಕೆಲಸವೇ ತುಕ್ಕು ನೋಡೋದು. ಆಕ್ಸಿಜನ್ ಜೊತೆ ದಿನಾ ಜಗಳ ಆಡೋನು ನಾನು. ನನಗೇ ಗೊತ್ತಾಗಲಿಲ್ಲ ನೋಡು... ನೋಡಿ."

ಅವಳು ತಲೆ ಎತ್ತಿದಳು. ಇಡೀ ವಡೋದರಾದಲ್ಲಿ ಆ ಲೇಖನವನ್ನು ನಿಜವಾಗಿ ಅರ್ಥ ಮಾಡಿಕೊಳ್ಳಬಲ್ಲ ಮನುಷ್ಯ ಇವನೊಬ್ಬನೇ. ಇವನಿಗೇ ಅರ್ಥವಾಗದ ಹಾಗೆ ಬರೆದಿದ್ದಳು. ಅದೂ ಅಷ್ಟು ಶ್ರದ್ಧೆಯಿಂದ.

"ನನ್ನದೂ ತಪ್ಪಿದೆ," ಎಂದಳು. ಒಂದು ಗುಟುಕು ಮಜ್ಜಿಗೆ ಕುಡಿದು, "ಅರ್ಧ," ಎಂದು ಸೇರಿಸಿದಳು.

"ಇನ್ನರ್ಧ ನಾನು ತೀರಿಸ್ತೀನಿ. ಭಾನುವಾರ ನಿಮ್ಮ ಜೊತೆ ನಾನೂ ಬರ್ತೀನಿ. ಗುಜರಾತಿಯಲ್ಲಿ ನಾನು ಹೇಳ್ತೀನಿ. ನೀವು ನನಗೆ ಮೊದಲು ಹೇಳಿಕೊಡಿ. ಶುದ್ಧ ಕನ್ನಡದಲ್ಲಿ ಬೇಡ, ಪ್ಲೀಸ್."

*

ಪಾಠ ನಡೆದದ್ದು ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನ ಕಶ್ಯಪ್‌ನ ಮನೆಯಲ್ಲಿ, ಊಟದ ಮೇಜಿನ ಮೇಲೆ. ಸಂಜೆಯ ಬಿಸಿಲು ಇನ್ನೂ ಕಿಟಕಿಯ ಸರಳು ಹಿಡಿದು ನಿಂತಿತ್ತು. ಸುಮಿತ್ರಾ ಸೇಬು ಹೆಚ್ಚಿ ತಂದಿಟ್ಟರು. ತನುಶ್ರೀ ಒಂದು ಹೋಳಿಗೆ ನಿಂಬೆರಸ ಸವರಿ, ಇನ್ನೊಂದನ್ನು ಹಾಗೇ ಬಿಟ್ಟಳು.

"ತಿನ್ನೋಕೆ ಕೊಟ್ಟಿದ್ದಮ್ಮ ಅದು," ಎಂದರು ಸುಮಿತ್ರಾ.

"ಸ್ವಲ್ಪ ತಾಳಿ ಆಂಟಿ." ಕಶ್ಯಪ್ ಕಡೆ ತಿರುಗಿದಳು. "ಉಪ್ಪಿನ ಮಣ್ಣಲ್ಲಿ ಬೇರಿಗೆ ನೀರು ಎಳೆಯೋಕೆ ಆಗಲ್ಲ. ಇರೋ ನೀರು ಹೋಗಬಾರದು ಅಂತ ಎಲೆ ತನ್ನ ಸಣ್ಣ ಸಣ್ಣ ಬಾಗಿಲು ಮುಚ್ಕೊಳ್ಳುತ್ತೆ. ಆದ್ರೆ ಬಿಸಿಲು ಬೀಳೋದು ನಿಲ್ಲಲ್ಲವಲ್ಲ?"

"ಅಡುಗೆಮನೆ ಬಾಗಿಲು ಮುಚ್ಚಿದೆ, ಒಲೆ ಉರೀತಿದೆ."

"ಹೂಂ." ಲೇಖನದಲ್ಲಿ ಅವಳಿಗೆ ಅದಕ್ಕೆ ಒಂದು ಇಡೀ ಪುಟ ಹಿಡಿದಿತ್ತು. "ಆ ಬಿಸಿ ಎಲ್ಲೂ ಹೋಗೋಕೆ ದಾರಿ ಇಲ್ಲದೆ ಆಕ್ಸಿಜನ್ ಮೇಲೆ ಬೀಳುತ್ತೆ. ಆಕ್ಸಿಜನ್ನಿಗೆ ಹುಚ್ಚು ಹಿಡಿಯುತ್ತೆ. ಸಿಕ್ಕಿದ್ದನ್ನೆಲ್ಲ ಸುಡುತ್ತೆ, ಹಸಿರನ್ನ, ಜೀವಕೋಶದ ಪೊರೆಯನ್ನ. ಆಗ ಮೊದಲು ಮುಂದೆ ಬಂದು ಏಟು ತಿನ್ನೋದೇ ಆ್ಯಂಟಿ ಆಕ್ಸಿಡೆಂಟು. ವಿಟಮಿನ್ ಸಿ ಅಂತ ಇಟ್ಕೊಳ್ಳಿ. ಗಿಡದಲ್ಲಿ ಇದ್ದೇ ಇರುತ್ತೆ. ಕಷ್ಟ ಜಾಸ್ತಿಯಾದಾಗ ಸಾಲಲ್ಲ. ಅದಕ್ಕೆ ನಾವು ಬೀಜ ನೆನೆಸುವಾಗ, ಆಮೇಲೆ ಎಲೆಯ ಮೇಲೆ, ಒಂದಿಷ್ಟು ಕೊಡ್ತೀವಿ."

"ಏಟು ತಿಂದ ಮೇಲೆ ಅದರ ಗತಿ?"

"ಅದು ಸೋತು ಕೂರುತ್ತೆ. ಆಗ ಗ್ಲುಟಾಥಯೋನ್ ಅಂತ ಇನ್ನೊಂದಿದೆ. ಅದು ಬಂದು ಇದನ್ನ ಎಬ್ಬಿಸಿ ಮತ್ತೆ ಮೊದಲಿನ ಹಾಗೆ ಮಾಡುತ್ತೆ. ಇದು ಮತ್ತೆ ಹೋಗಿ ಏಟು ತಿನ್ನುತ್ತೆ."

"ದಿನಾನಾ?"

"ದಿನಾನೂ."

ಅವನು ಅವಳನ್ನೇ ನೋಡಿದ. ಇದು ತುಕ್ಕು ನೋಡುವವನ ನೋಟ, ಅವಸರವಿಲ್ಲದ್ದು, ಎಲ್ಲಿ ತೆಳ್ಳಗಾಗಿದೆ ಎಂದು ಹುಡುಕುವಂಥದ್ದು. ಅವಳು ಸೇಬಿನ ಕಡೆ ನೋಡಿದಳು. ನಿಂಬೆರಸ ಸವರದ ಹೋಳು ಕಂದು ತಿರುಗಿತ್ತು.

"ನೋಡಿ! ಸವರಿದ್ದು ಇನ್ನೂ ಬಿಳೀನೇ ಇದೆ," ಎಂದಳು. ಕೂಡಲೇ ಮನಸ್ಸು ಕೇಳಲಿಲ್ಲ. "ಆದ್ರೆ ಇದರಲ್ಲಿ ಹುಳಿಯದ್ದೂ ಪಾಲಿದೆ. ಪೂರ್ತಿ ವಿಟಮಿನ್ನಿನದೇ ಅಂತ ಹೇಳಬೇಡಿ. ಇನ್ನೊಂದು ಮುಖ್ಯ ವಿಷಯ. ಆ ಸುಡೋ ಆಕ್ಸಿಜನ್ನನ್ನ ಪೂರ್ತಿ ಒರೆಸಿ ಹಾಕಲೂ ಬಾರದು. ಸ್ವಲ್ಪ ಇದ್ರೇನೇ ಗಿಡಕ್ಕೆ ಸುದ್ದಿ ಮುಟ್ಟೋದು, ಕಷ್ಟ ಬರ್ತಿದೆ, ತಯಾರಾಗು ಅಂತ. ಕೇಳಿಸ್ತಾ?"

ಕಶ್ಯಪ್ ಆಗ ಕಂದು ತಿರುಗಿದ ಹೋಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. "ಕೇಳಿಸ್ತು," ಎಂದ.

ಕೇಳಿಸಿರಲಿಲ್ಲ.

ಒಳಗಿನಿಂದ ಅವನ ತಂದೆಯ ದನಿ ಬಂತು. "ಏನೇ, ಕಾಫಿ?"

"ಬಂದೆ ರೀ," ಎಂದರು ಸುಮಿತ್ರಾ.

ಆ ಎರಡು ಸಣ್ಣ ಪದಗಳು ಹಾಲ್ ದಾಟಿ ಹೋಗಿ ಬಂದವು. ಎಷ್ಟೋ ವರ್ಷ ಹಾಗೆ ಹೋಗಿ ಬಂದು ನುಣುಪಾದ ಪದಗಳು. ಈ ಮನೆಯಲ್ಲಿ ಇವಕ್ಕೆ ಬೇರೆ ಅರ್ಥವೇ ಇಲ್ಲ ಎಂದು ತನುಶ್ರೀಗೆ ಆಗ ಹೊಳೆಯಿತು. ಯುಗಾದಿಯ ದಿನ ಅವನು ಅವಳನ್ನು ಅವಮಾನಿಸಿರಲಿಲ್ಲ. ಅವನಿಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ಪದದಿಂದ ಕರೆದಿದ್ದ.

ಆ ವಾರವೆಲ್ಲ ಅವಳು ಅವನಿಗೆ ಫೋನಿನಲ್ಲಿ ಪ್ರಶ್ನೆ ಕೇಳಿದಳು, ತಪ್ಪು ಹೇಳಿದಾಗ ರೇಗಿದಳು, ಸರಿ ಹೇಳಿದಾಗಲೂ ಇನ್ನೊಮ್ಮೆ ಹೇಳಿಸಿದಳು. ಗುರುವಾರ ಮಾತ್ರ ಅವನು ಫೋನ್ ಎತ್ತಲಿಲ್ಲ. 'ಡ್ಯೂಟಿ' ಎಂದು ಒಂದು ಮೆಸೇಜ್ ಬಂತು. ಆ ಸಂಜೆ ಅವಳು ಏನು ಓದಿದರೂ ತಲೆಗೆ ಹತ್ತಲಿಲ್ಲ. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

*

ಭಾನುವಾರ ಡೇರಿಯ ಜಗಲಿಯ ಮೇಲೆ ಕಶ್ಯಪ್ ಸೇಬು ಹೆಚ್ಚಿದ. ಒಂದು ಹೋಳಿಗೆ ನಿಂಬೆರಸ, ಒಂದಕ್ಕೆ ಇಲ್ಲ. ಚಹಾ ಹಂಚಿದರು. ಅವನು ಮಾತಾಡತೊಡಗಿದ.

ಗುಜರಾತಿಯಲ್ಲಿ ಅವನು ಬೇರೆಯೇ ಮನುಷ್ಯ. ಎಲ್ಲೂ ತಡವರಿಸುವುದಿಲ್ಲ. ಒಬ್ಬೊಬ್ಬರನ್ನೂ ಕಾಕಾ, ಭಾಯಿ ಎಂದು ಅವರವರ ವಯಸ್ಸಿಗೆ ತಕ್ಕಂತೆ ಕರೆಯುತ್ತಿದ್ದ. ಮುಚ್ಚಿದ ಅಡುಗೆಮನೆ, ಉರಿಯುವ ಒಲೆ, ಬಿಸಿ ಪಾತ್ರೆಯನ್ನು ಮೊದಲು ಕೈಯಾರೆ ಹಿಡಿಯುವವಳು, ಅವಳ ಕೈ ಸುಟ್ಟಾಗ ನೀರು ತರುವವಳು. ಪೂರ್ತಿ ಅರ್ಥವಾಗದಿದ್ದರೂ ತನುಶ್ರೀ ಅವನ ಕೈಗಳನ್ನು ನೋಡಿ ಪಾಠವನ್ನು ಗುರುತು ಹಿಡಿದಳು. ಇವನಿಗೆ ಮರ್ಯಾದೆಯ ಮಾತು ಬರುವುದಿಲ್ಲ ಎಂದುಕೊಂಡಿದ್ದಳಲ್ಲ! ಬೇಕಾದಷ್ಟು ಬರುತ್ತದೆ. ಕನ್ನಡದಲ್ಲಿ ಮಾತ್ರ ಅವನು ಮನೆಯಿಂದ ಹೊರಗೆ ಬಂದೇ ಇಲ್ಲ.

"ಅದೆಲ್ಲ ಸರಿ," ಎಂದರು ಧನ್‌ಸುಖ್‌ಭಾಯಿ. "ಇಳುವರಿ ಎಷ್ಟು ಜಾಸ್ತಿಯಾಗುತ್ತೆ?"

ಕಶ್ಯಪ್ ಬಾಯಿ ತೆರೆದ. ಒಂದು ಒಳ್ಳೆಯ ಸಂಖ್ಯೆ ಅವನ ನಾಲಿಗೆಯ ತುದಿಯಲ್ಲಿ ಕೂತದ್ದು ತನುಶ್ರೀಗೆ ಕಂಡಿತು. ಅವನು ಅವಳ ಕಡೆ ನೋಡಿದ. ಬಾಯಿ ಮುಚ್ಚಿದ.

"ಖಬರ್ ನಥೀ," ಎಂದಳು ಅವಳು. ಗೊತ್ತಿಲ್ಲ. ಅವಳಿಗೆ ತಪ್ಪಿಲ್ಲದೆ ಬರುತ್ತಿದ್ದ ಕೆಲವೇ ಗುಜರಾತಿ ಮಾತುಗಳಲ್ಲಿ ಅದೊಂದು. ಮುಂದಿನದನ್ನು ಹಿಂದಿಯಲ್ಲಿ ಹೇಳಿದಳು. "ಕುಂಡದಲ್ಲಿ ಚೆನ್ನಾಗಿ ಬಂತು. ಹೊಲದಲ್ಲಿ ಹೇಗೋ ಗೊತ್ತಿಲ್ಲ. ಅರ್ಧಕ್ಕೆ ಹೊಡೆಯೋಣ, ಅರ್ಧ ಹಾಗೇ ಬಿಡೋಣ. ನೀವೇ ನೋಡಿ ಹೇಳಿ."

ಹೇಳಿದ ಮರುಕ್ಷಣವೇ ಹಾಸನದ ಬಸ್ ಸ್ಟ್ಯಾಂಡು ಕಣ್ಣ ಮುಂದೆ ಬಂತು. ಹೀಗಾ ಹೇಳುವುದು? ಸ್ವಲ್ಪ ಜಾಣತನ ಬೇಡವೇ?

ಧನ್‌ಸುಖ್‌ಭಾಯಿ ಕಂದು ತಿರುಗಿದ ಸೇಬನ್ನೂ ಬಿಳಿಯದನ್ನೂ ಕೈಯಲ್ಲಿ ತೂಗಿದವರಂತೆ ಹಿಡಿದು ನೋಡಿದರು.

"ಸಮುದ್ರದ ನೀರು ಒಳನುಗ್ಗೋ ಖಾಡಿಯ ಪಕ್ಕ ನನ್ನದೊಂದು ತುಂಡು ಜಮೀನಿದೆ," ಎಂದರು ಕೊನೆಗೆ. "ಅಲ್ಲಿ ಉತ್ಕರ್ಷ ಅನ್ನೋದು ಇಲ್ಲವೇ ಇಲ್ಲ. ನೀವು ನಿಲ್ಲಿಸೋಕೂ ಏನೂ ಇಲ್ಲ. ತಗೊಳ್ಳಿ."

ಮತ್ತೆ ಎಲ್ಲರೂ ನಕ್ಕರು. ಈ ಸಲ ತನುಶ್ರೀಯ ನಗು ಮರ್ಯಾದೆಗೆ ಬಂದದ್ದಲ್ಲ.

"ಈ ಹುಡುಗನಿಗೆ ಥ್ಯಾಂಕ್ಸ್ ಹೇಳಿ ಬೆನ್," ಎಂದು ಅವರು ಎದ್ದು ಟೋಪಿ ಸರಿಮಾಡಿಕೊಂಡರು. "ನಮಗೆ ಬೇಡ, ಬರಬೇಡಿ ಅಂತ ಬುಧವಾರ ಇವನು ಭಾನುವಾರದ ಮಾತಿಗೆ ಫೋನ್ ಮಾಡಿದಾಗ ಹೇಳಿಬಿಟ್ಟಿದ್ದೆ. ಗುರುವಾರ ಬೆಳಿಗ್ಗೆ ಬಂದು ನನ್ನ ಮನೆ ಮುಂದೆ ಕೂತ. ಮಧ್ಯಾಹ್ನದ ತನಕ ಏಳಲಿಲ್ಲ. ಊಟ ಹಾಕಿ, ಭಾನುವಾರ ಬಾ ಅಂದ ಮೇಲೇ ಹೋಗಿದ್ದು."

*

ಖಾಡಿಯ ಪಕ್ಕದ ತುಂಡನ್ನು ನೋಡಿಕೊಂಡು ಇಬ್ಬರೂ ಬದುವಿನ ಮೇಲೆ ಹಿಂದಿರುಗಿದರು. ಬೆಳ್ಳಗಿನ ಉಪ್ಪು ಚಪ್ಪಲಿಯ ಕೆಳಗೆ ಪುಡಿಯಾಗುತ್ತಿತ್ತು. ದಕ್ಷಿಣದಲ್ಲಿ, ಹಜೀರಾದ ದಿಕ್ಕಿನಲ್ಲಿ, ಹೊಗೆಕೊಳವೆಗಳ ಹಿಂದೆ ಮೋಡ ಕಟ್ಟತೊಡಗಿತ್ತು. ಕಶ್ಯಪ್ ಕೈಯಲ್ಲಿ ಅಮ್ಮ ಬಲವಂತವಾಗಿ ಕೊಟ್ಟು ಕಳಿಸಿದ ಕೊಡೆ.

"ಗುರುವಾರ ಡ್ಯೂಟಿ ಅಂದ್ರಿ."

"ರಜೆ ಹಾಕಿದ್ದೆ."

"ಅವರು ಬೇಡ ಅಂದಿದ್ದನ್ನ ನನಗೆ ಯಾಕೆ ಹೇಳಲಿಲ್ಲ?"

"ನಿಮಗೆ ಸ್ಟ್ರೆಸ್ ಆಗುತ್ತೆ ಅಂತ."

ಅವಳು ನಿಂತೇಬಿಟ್ಟಳು. "ಒಂದು ವಾರ ಪಾಠ ಹೇಳಿದೀನಿ! ಪೂರ್ತಿ ಒರೆಸಿ ಹಾಕಬಾರದು ಅಂತ ಹೇಳಿದ್ನಾ ಇಲ್ವಾ? ಸ್ವಲ್ಪ ಬಿಸಿ ತಾಕಿದ್ರೇನೇ ಎಲೆಗೆ ಸುದ್ದಿ ಗೊತ್ತಾಗೋದು ಅಂತ? ನನ್ನ ಕೆಲಸ ಹೋಗ್ತಿದೆ ಅನ್ನೋ ಸುದ್ದಿ ನನಗೇ ಗೊತ್ತಿಲ್ಲ! ನಾನೇನು ನಿಂಬೆರಸ ಸವರಿ ಇಟ್ಟಿರೋ ಸೇಬಿನ ಹೋಳಾ?"

"ಆ ಭಾಗ ನಾನು ಕೇಳಿಸ್ಕೊಂಡಿಲ್ಲ," ಎಂದ ಅವನು. "ಸೇಬು ತಿಂತಾ ಇದ್ದೆ."

"ದೇವರೇ!"

"ತಪ್ಪಾಯ್ತು. ಇನ್ಮೇಲೆ ಕೆಟ್ಟ ಸುದ್ದಿಯೆಲ್ಲ ಮೊದಲು ನಿಮಗೇ ಹೇಳ್ತೀನಿ." ಅವನು ಕೊಡೆಯ ತುದಿಯಿಂದ ಉಪ್ಪು ಕೆದಕಿದ. "ಈಗ್ಲೇ ಒಂದು ಇದೆ. ಹೇಳ್ಲಾ?"

"ಹೇಳಿ."

"ಗುರುವಾರ ನಾನು ಬಂದಿದ್ದು ಭತ್ತಕ್ಕಲ್ಲ. ಜಮೀನು ಸಿಗದಿದ್ರೆ ನೀನು ಹಾಸನಕ್ಕೆ ಹೋಗ್ತೀಯ ಅಂತ ಬಂದೆ."

ಅವನ ಕಿವಿಗಳು ಕೆಂಪಾಗತೊಡಗಿದ್ದವು, ಅದೇ ಹಳೆಯ ದಾರಿಯಲ್ಲಿ, ತುದಿಯಿಂದ ಕೆಳಕ್ಕೆ.

"ನನಗೆ ಬರೋದು ಮನೆ ಕನ್ನಡ ಒಂದೇ," ಎಂದ. "ಹೊರಗಿನವರ ಹತ್ರ ಆಡೋ ಕನ್ನಡ ನಿಮ್ಮಿಂದ ಕಲಿಯೋಕೆ ಎಷ್ಟು ಕಷ್ಟಪಟ್ಟೆ ಗೊತ್ತಾ? ಒಂದೊಂದು ಸಲ 'ನೀವು' ಅಂದಾಗಲೂ, ಇದು ಸರಿಯಾಗಿ ಬಾರದೇ ಇದ್ರೇನೇ ಒಳ್ಳೇದು ಅನ್ನಿಸ್ತಿತ್ತು. ನಿಮ್ಮನ್ನ ಹೊರಗಿನವರು ಅಂತ ಕರೆಯೋಕೆ ನನಗೆ ಇಷ್ಟ ಇಲ್ಲ."

ಗಾಳಿ ಬಂತು. ಉಪ್ಪಿನ ಪುಡಿ ಸ್ವಲ್ಪ ಎದ್ದು ಮತ್ತೆ ಕೂತಿತು. ತನುಶ್ರೀ ಒಂದು ಒಳ್ಳೆಯ ಉತ್ತರಕ್ಕಾಗಿ ಹುಡುಕಿದಳು. ಸಿಕ್ಕಿದ ಒಂದೊಂದು ವಾಕ್ಯವೂ ವಾಸುದೇವ ಅಂಕಲ್ ತಿದ್ದಿ ಕೊಟ್ಟ ಹಾಗಿತ್ತು. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಕಶ್ಯಪ್ ಉತ್ತರವೆಂದೇ ತಿಳಿದ.

"ಸರಿ," ಎಂದ ಮೆಲ್ಲಗೆ. "ರಿಕ್ಷಾ ಸಿಗುತ್ತಾ ನೋಡ್ತೀನಿ. ನೀವು ನಿಧಾನವಾಗಿ ಬನ್ನಿ."

'ನೀವು' ಎಂದು ಶುರು ಮಾಡಿ 'ಬನ್ನಿ' ಎಂದೇ ಮುಗಿಸಿದ್ದ. ಒಂದಕ್ಷರ ತಪ್ಪಿರಲಿಲ್ಲ. ಆ ಸರಿಯಾದ ವಾಕ್ಯ ಅವಳಿಗೆ ಇಡೀ ವಾರದ ತಪ್ಪುಗಳಿಗಿಂತ ಹೆಚ್ಚು ನೋವು ಕೊಟ್ಟಿತು.

ಅವನು ಬದುವಿನ ಮೇಲೆ ಬೇಗ ಬೇಗ ನಡೆದ. ಕೊಡೆಯನ್ನು ಕೆದಕಿದ ಜಾಗದಲ್ಲೇ ಬಿಟ್ಟಿದ್ದ. ಅದು ಉಪ್ಪುಮಣ್ಣಿನಲ್ಲಿ ನೆಟ್ಟ ಸಸಿಯ ಹಾಗೆ ಓರೆಯಾಗಿ ನಿಂತಿತ್ತು. ಮೊದಲ ಹನಿಗಳು ಬಿದ್ದವು, ದಪ್ಪ ದಪ್ಪ, ಬೆಳ್ಳಗಿನ ಮೇಲೆ ಕಪ್ಪು ಗುರುತು ಮಾಡುತ್ತ.

ಈ ಮನುಷ್ಯನನ್ನು ಇಟ್ಟುಕೊಂಡು ಏನು ಮಾಡುವುದು! ಮಳೆ ಬರುವ ಹೊತ್ತಿಗೇ ಕೊಡೆ ಮರೆಯುತ್ತಾನೆ. ತನ್ನ ಮನಸ್ಸನ್ನೆಲ್ಲ ಹೇಳಿ, ಉತ್ತರ ಕೇಳದೆಯೇ ಹೊರಡುತ್ತಾನೆ. ಅವಳು ಕೊಡೆ ಕಿತ್ತುಕೊಂಡಳು. ಉಸಿರು ಎಳೆದುಕೊಂಡಳು.

"ರೀ!"

ಅವನ ಕಾಲು ನಿಂತಿತು. ಹಿಂದಿರುಗಿ ನೋಡಲಿಲ್ಲ. ಆ ಪದವನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ, ಒಂದೇ ದನಿಯಲ್ಲಿ, ಒಬ್ಬರಿಗಾಗಿ ಮಾತ್ರ.

"ಯಾರನ್ನ ಕರೆದೆ?" ಎಂದ, ಮುಂದಕ್ಕೇ ಮುಖ ಮಾಡಿಕೊಂಡು.

"ಇಲ್ಲಿ ಇನ್ಯಾರಿದಾರೆ? ಧನ್‌ಸುಖ್‌ಭಾಯಿಯನ್ನ ಕರೀಲಾ?"

ಈಗ ತಿರುಗಿದ. ಮುಖದ ಮೇಲೆ ನೀರು, ಕಿವಿ ಎರಡೂ ಪೂರ್ತಿ ಕೆಂಪು. ಒಂದು ಹೆಜ್ಜೆ ಇಟ್ಟು ಮತ್ತೆ ನಿಂತ. ಅವನ ತುಟಿ ಅಲುಗಿತು. ಗಾಬರಿಯಲ್ಲಿ ಯಾವ ಕನ್ನಡ ಬರುತ್ತದೋ ಎಂದು ಅವಳು ಕಾದಳು.

"ಪಕ್ಕಾ?" ಎಂದ.

"ಪಕ್ಕಾ. ಒಂದಕ್ಷರವನ್ನೂ ಬದಲಿಸಬೇಡಿ." ಅವಳು ಕೊಡೆ ಬಿಚ್ಚಿದಳು. "ಈಗ ಬರ್ತೀರೋ, ನೆನೀತೀರೋ?"

"ಬಂದೆ ಕಣೇ," ಎಂದು ಕಶ್ಯಪ್ ಓಡಿ ಬಂದ.